ಉಪ್ಪಿನಕಾಯಿ ವೆಬ್‌ಸೈಟಿಗೆ ಜನ ಬಂದ ಬಗೆ

2020ರ ಮಾರ್ಚ್ ಕೊನೆಯ ವಾರ ದೇಶಕ್ಕೆ ದೇಶವೇ ಬಾಗಿಲು ಹಾಕಿತಲ್ಲ, ಆಗ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂಬತ್ತು ಸಾವಿರ ಮಾವಿನ ಮಿಡಿ ಉಪ್ಪಿನಲ್ಲಿ ಕೂತಿತ್ತು. ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ಒಂದಿಷ್ಟು ಕಾಳುಮೆಣಸು, ನಾಲ್ಕು ದನ. ಅತ್ತೆ ಅಪ್ಪೆಮಿಡಿ, ಅಂದರೆ ಪರಿಮಳದ ಮಾವಿನ ಮಿಡಿಯ ಉಪ್ಪಿನಕಾಯಿ ಹಾಕುವುದರಲ್ಲಿ ಊರಿಗೇ ಹೆಸರಾದವರು. ಪ್ರತಿ ವರ್ಷ ಶಿರಸಿ ಪೇಟೆಯ ಎರಡು ಅಂಗಡಿ, ಹುಬ್ಬಳ್ಳಿಯ ಒಂದು ಖಾನಾವಳಿ, ಉಳಿದದ್ದು ನೆಂಟರಿಷ್ಟರು. ಅಷ್ಟಕ್ಕೇ ಖಾಲಿಯಾಗುತ್ತಿತ್ತು. ಆ ವರ್ಷ ಅಂಗಡಿಯೂ ಇಲ್ಲ, ಖಾನಾವಳಿಯೂ ಇಲ್ಲ, ನೆಂಟರಂತೂ ಬರುವ ಹಾಗೇ ಇಲ್ಲ.

ಉಪ್ಪಿಗೆ ಬಿದ್ದ ಮಿಡಿ ಕೆಡುವುದಿಲ್ಲ, ಅದೊಂದೇ ಸಮಾಧಾನ. ಆದರೆ ಮರ ಹತ್ತಿ ಕೊಯ್ದವನಿಗೆ ದುಡ್ಡು ಕೊಟ್ಟಾಗಿತ್ತು. ಬ್ಯಾಡಗಿ ಮೆಣಸು ತಂದಾಗಿತ್ತು. ಭಾವನ ಮಗ ಬೆಂಗಳೂರಿಂದ ಲ್ಯಾಪ್‌ಟಾಪ್ ಸಮೇತ ಬಂದು ಮನೆಯಲ್ಲಿ ಉಳಿದುಕೊಂಡಿದ್ದ. ಸಿಗ್ನಲ್ ಸಿಗಲಿ ಅಂತ ಬೆಳಿಗ್ಗೆ ಹಿಂದಿನ ಬೆಟ್ಟದ ತಲೆಗೆ ಹೋಗಿ ಒಂದು ಬಂಡೆ ಮೇಲೆ ಕೂತು ಕೆಲಸ ಮಾಡುತ್ತಿದ್ದ. ಅವನೇ ಹೇಳಿದ್ದು. “ಚಿಕ್ಕಿ, ಒಂದು ವೆಬ್‌ಸೈಟ್ ಮಾಡಿಬಿಡೋಣ.”

ಮಾಡಿದ. ಆಗಸ್ಟ್ ಹೊತ್ತಿಗೆ ತಯಾರಾಯಿತು. ಚೆಂದವೇ ಇತ್ತು. ಅದಕ್ಕೂ ಮೊದಲು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದ್ದೆವು. ಆಗ ನಮ್ಮಂಥ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಅಷ್ಟೇ ಇತ್ತು. ಸಿಕ್ಕಿದ 14 ಅಂಕಿಯ ನಂಬರನ್ನು ಪ್ರತಿ ಬಾಟಲಿಯ ಲೇಬಲ್ ಮೇಲೆ ಹಾಕಬೇಕು. ಹೊರರಾಜ್ಯಕ್ಕೆ ಮಾರಬೇಕಾದರೆ ವ್ಯಾಪಾರ ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು ಅಂತ ಶಿರಸಿಯ ಲೆಕ್ಕಪತ್ರದವರು ಹೇಳಿದರು. ಅದನ್ನೂ ಮಾಡಿಸಿದೆವು. ಎಲ್ಲ ಸರಿಯಾಗಿತ್ತು, ಜನ ಒಬ್ಬರು ಬಿಟ್ಟು. ಮೊದಲ ಮೂರು ತಿಂಗಳಲ್ಲಿ ಬಂದ ಆರ್ಡರ್ ನಾಲ್ಕು. ಅದರಲ್ಲಿ ಮೂರು ನನ್ನ ನಾದಿನಿಯದೇ.

ಕಾಡಿನ ನಡುವೆ ಅಂಗಡಿ ತೆರೆದು ಬೋರ್ಡು ಹಾಕದೆ ಕೂತ ಹಾಗಾಗಿತ್ತು. ಬೋರ್ಡು ಹಾಕುವ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲಿ ಫೇಸ್‌ಬುಕ್ ಜಾಸ್ತಿ ನೋಡುವವಳು ನಾನೇ, ಅದಕ್ಕೆ.

ಒಂದು ಪೇಜ್ ಮಾಡಿದೆ. ಬಾಟಲಿಯ ಫೋಟೋ, ಸುತ್ತ ಹೂವಿನ ಅಂಚು, ಮೇಲೆ ‘ಶುಭೋದಯ’, ಕೆಳಗೆ ‘ಇಂದೇ ಆರ್ಡರ್ ಮಾಡಿ’. ಈಗ ನೋಡಿದರೆ ನಾಚಿಕೆಯಾಗುತ್ತದೆ. ದಿನಾ ಒಂದು ಹಾಕಿದೆ. ನೆಂಟರು ಲೈಕ್ ಒತ್ತಿದರು. ಸೋದರಮಾವ ಪ್ರತಿ ಫೋಟೋಕ್ಕೂ ಎರಡು ಕೈ ಮುಗಿದರು. ಆರ್ಡರ್ ಇಲ್ಲ.

ಆಮೇಲೆ ಕಣ್ಣಿಗೆ ಬಿದ್ದದ್ದು ಆ ನೀಲಿ ಬಟನ್, ಬೂಸ್ಟ್ ಪೋಸ್ಟ್. ದುಡ್ಡು ಕೊಟ್ಟರೆ ನಾವು ಹಾಕಿದ್ದನ್ನು ಜಾಸ್ತಿ ಜನಕ್ಕೆ ತೋರಿಸುತ್ತದಂತೆ. ದಿನಕ್ಕೆ 500 ರೂಪಾಯಿಯಂತೆ ನಾಲ್ಕು ದಿನ ಹಾಕಿದೆ. ಅದರ ಮೇಲೆ ಶೇಕಡ 18 ಜಿಎಸ್‌ಟಿ ಬೇರೆ. ನಾಲ್ಕು ದಿನಕ್ಕೆ 1,900 ಲೈಕ್ ಬಂತು. ನನಗೆ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ. ಇಷ್ಟು ಬಾಟಲಿ ತುಂಬಿಸುವುದು ಹೇಗಪ್ಪಾ ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ. ಐದನೇ ದಿನ ವೆಬ್‌ಸೈಟ್ ತೆಗೆದು ನೋಡಿದರೆ ಒಂದೇ ಒಂದು ಆರ್ಡರ್ ಇರಲಿಲ್ಲ.

ಯಾಕೆ ಹಾಗಾಯಿತು ಅಂತ ತಿಳಿಯಲು ನನಗೆ ವರ್ಷ ಬೇಕಾಯಿತು. ನಾವು ಬೂಸ್ಟ್ ಮಾಡುವಾಗ ಏನು ಬೇಕು ಅಂತ ಅದು ಕೇಳುತ್ತದೆ. ನಾನು ಓದದೆ ಮೊದಲಿದ್ದದ್ದನ್ನೇ ಒತ್ತಿದ್ದೆ. ಲೈಕು, ಕಾಮೆಂಟು ಬೇಕು ಅಂತ. ಫೇಸ್‌ಬುಕ್ ಪಾಪ ಕೇಳಿದ್ದನ್ನೇ ಕೊಟ್ಟಿತು. ಕಂಡದ್ದಕ್ಕೆಲ್ಲ ಲೈಕ್ ಒತ್ತುವ ಜನ ಯಾರು ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಹುಡುಕಿ ಹುಡುಕಿ ಅವರಿಗೇ ತೋರಿಸಿತ್ತು. ಕೊಳ್ಳುವವರು ಬೇಕಿದ್ದರೆ ಹಾಗೆ ಕೇಳಬೇಕಿತ್ತು. ಯಾರು ಕೊಂಡರು ಅಂತ ಅದಕ್ಕೆ ತಿಳಿಯುವ ಹಾಗೆ ನಮ್ಮ ಸೈಟಿನಲ್ಲಿ ಪಿಕ್ಸೆಲ್ ಅನ್ನುವ ಪುಟ್ಟ ಕೋಡ್ ಕೂಡ ಇರಬೇಕಿತ್ತು. ಅದನ್ನು ಭಾವನ ಮಗ ಹಾಕಿಕೊಟ್ಟದ್ದು 2022ರಲ್ಲಿ.

ಇದರ ನಡುವೆ ಒಂದು ಪ್ರಚಾರ ಕಂಪನಿಯ ಹುಡುಗ ಫೋನ್ ಮಾಡಿದ. “ಮೇಡಂ, ಇನ್‌ಸ್ಟಾಗ್ರಾಂನಲ್ಲಿ ಹತ್ತು ಸಾವಿರ ಫಾಲೋವರ್ಸ್ ಕೊಡಿಸ್ತೀವಿ, ಬರೀ ಮೂರು ಸಾವಿರ.” ಕೊಟ್ಟೆ ಅಂತ ಹೇಳಲು ಈಗಲೂ ಮುಜುಗರ. ಫಾಲೋವರ್ಸ್ ಬಂದರು. ಹೆಸರು ನೋಡಿದರೆ ಯಾವ ದೇಶದವರೋ ಏನೋ. ಫೋಟೋ ಇಲ್ಲ, ಭಾಷೆ ಇಲ್ಲ. ಅಲ್ಲಿಂದಾಚೆ ನಾನು ಏನು ಹಾಕಿದರೂ ಮೊದಲು ನೋಡುತ್ತಿದ್ದ ನಮ್ಮ ಜನಕ್ಕೂ ಅದು ಸರಿಯಾಗಿ ಮುಟ್ಟಲಿಲ್ಲ. ಕೊನೆಗೆ ಆ ಇನ್‌ಸ್ಟಾಗ್ರಾಂ ಖಾತೆಯನ್ನೇ ಬಿಟ್ಟು ಹೊಸದು ತೆರೆದೆ.

ಬದಲಾವಣೆ ಶುರುವಾದದ್ದು 2021ರ ಮಿಡಿ ಕಾಲದಲ್ಲಿ. ಅದೂ ಸುಮ್ನೆ ಆದದ್ದು.

ಫೆಬ್ರವರಿ ಕೊನೆ. ಜಗಲಿಯಲ್ಲಿ ಗೋಣಿ ಹಾಸಿ ಮಿಡಿ ಸುರುವಿದ್ದರು. ಮಿಡಿ ಕೊಯ್ಯುವುದೇ ಒಂದು ಕಸುಬು. ದೋಟಿಯಲ್ಲಿ ಬಡಿದು ಬೀಳಿಸಿದರೆ ಆಗುವುದಿಲ್ಲ. ನೆಲಕ್ಕೆ ಬಿದ್ದ ಮಿಡಿಗೆ ಏಟಾಗಿ, ಭರಣಿಯಲ್ಲಿ ಅದೇ ಮೊದಲು ಮೆತ್ತಗಾಗುತ್ತದೆ. ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ಚೀಲಕ್ಕೆ ಹಾಕಿ, ಹಗ್ಗದಲ್ಲಿ ಇಳಿಸಬೇಕು. ಅತ್ತೆ ಒಂದೊಂದನ್ನೇ ಕೈಗೆ ತಗೊಂಡು ನೋಡುತ್ತಿದ್ದರು. ಹೆಬ್ಬೆರಳಲ್ಲಿ ಒತ್ತುವುದು, ತಿರುಗಿಸುವುದು. ಅನುಮಾನ ಬಂದದ್ದರ ತೊಟ್ಟು ಚಟ್ಟನೆ ಮುರಿಯುವುದು. ಮುರಿದಲ್ಲಿ ಸೊನೆ ಚಿಮ್ಮುತ್ತದೆ. ಬಿಸಿಲು ಬಿದ್ದರೆ ಆ ಹನಿ ಗಾಜಿನ ಹಾಗೆ ಹೊಳೆಯುತ್ತದೆ. ಅದನ್ನು ಮೂಗಿನ ಹತ್ತಿರ ಹಿಡಿದು, “ಜೀರಿಗೆ” ಅನ್ನುತ್ತಾರೆ, ಬಲಕ್ಕೆ ಹಾಕುತ್ತಾರೆ. ಇನ್ನೊಂದು, “ಕರ್ಪೂರ”, ಎಡಕ್ಕೆ. ಮತ್ತೊಂದಕ್ಕೆ ಏನೂ ಹೇಳುವುದಿಲ್ಲ, ಹಿಂದಕ್ಕೆ ಎಸೆಯುತ್ತಾರೆ. ಅದು ಅಪ್ಪೆಹುಳಿ ಅನ್ನುವ ತಿಳಿಸಾರಿಗೆ. ಸೊನೆ ಇಲ್ಲದ ಮಿಡಿಯನ್ನು ಅವರು ಮಿಡಿ ಅಂತಲೇ ಒಪ್ಪುವುದಿಲ್ಲ. ಪರಿಮಳವೂ ಅದರಿಂದಲೇ, ವರ್ಷಗಟ್ಟಲೆ ಕೆಡದೆ ಉಳಿಯುವುದೂ ಅದರಿಂದಲೇ.

ನಾನು ಎದುರು ಕೂತು ಮೊಬೈಲಲ್ಲಿ ಹಿಡಿದೆ. ಅತ್ತೆಯ ಮುಖ ಇಲ್ಲ, ಕೈ ಮಾತ್ರ. ಹಾಡಿಲ್ಲ. ಹಿಂದೆ ಕೊಟ್ಟಿಗೆಯಲ್ಲಿ ಕರು ಕೂಗಿದ್ದೂ ಕೇಳುತ್ತದೆ. ಅರ್ಧ ನಿಮಿಷದ ಒಳಗೇ. ಹಿಂದಿನ ವರ್ಷ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಬಿಟ್ಟಿತ್ತಲ್ಲ, ಆಗಿನ್ನೂ ಎಲ್ಲರೂ ಅದನ್ನೇ ನೋಡುವ ಕಾಲ. ರಾತ್ರಿ ಎಂಟಕ್ಕೆ ಹಾಕಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಹದಿನೆಂಟು ಸಾವಿರ ಜನ ನೋಡಿದ್ದರು. ವಾರ ಕಳೆಯುವಷ್ಟರಲ್ಲಿ ಎರಡು ಲಕ್ಷ ದಾಟಿತು. ಎಂಥೆಂಥ ಮಾತು ಬರೆದಿದ್ದರು ಜನ. “ನಮ್ಮಜ್ಜಿ ಕೈ ಹೀಗೇ ಇತ್ತು.” “ಈ ಚಟ್ ಅನ್ನೋ ಸದ್ದಿಗೆ ಬಾಯಲ್ಲಿ ನೀರು ಬಂತು.” ದುಬೈಯಲ್ಲಿರುವ ಒಬ್ಬರು, ರಜೆಗೆ ಬಂದಾಗ ಸಾಗರದಲ್ಲಿ ಉಂಡ ಊಟ ನೆನಪಾಯಿತು ಅಂತ ನಾಲ್ಕು ಸಾಲು ಬರೆದಿದ್ದರು. ನಾನು ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. “ಎಂತ ಮಳ್ಳು ಜನಕ್ಕೆ, ಮಿಡಿ ಆರಿಸೋದನ್ನ ಕೂತು ನೋಡ್ತಾರಾ!” ಅಂದರು. ಆದರೆ ಮಾರನೇ ದಿನ ಮಿಡಿ ಆರಿಸಲು ಕೂರುವಾಗ ಸೀರೆ ಬದಲಾಗಿತ್ತು.

ಎರಡು ಲಕ್ಷ ಜನ ನೋಡಿದ ಆ ವೀಡಿಯೋದಿಂದ ಬಂದ ಆರ್ಡರ್ ಹನ್ನೊಂದು. ನನಗೆ ತಲೆ ಕೆಟ್ಟುಹೋಯಿತು.

ಭಾನುವಾರ ಭಾವನ ಮಗನನ್ನು ಕೂರಿಸಿಕೊಂಡು ಒಂದೊಂದೇ ಬಿಡಿಸಿದೆವು. ಮೊದಲನೆಯದು, ವೆಬ್‌ಸೈಟಿನ ವಿಳಾಸವನ್ನು ನಾನು ವೀಡಿಯೋದ ಕೆಳಗಿನ ಬರಹದಲ್ಲಿ ಹಾಕಿದ್ದೆ. ಇನ್‌ಸ್ಟಾಗ್ರಾಂನಲ್ಲಿ ಅಲ್ಲಿ ಹಾಕಿದ ವಿಳಾಸ ಬರೀ ಅಕ್ಷರ. ಒತ್ತಿದರೆ ಏನೂ ಆಗುವುದಿಲ್ಲ. ಲಿಂಕ್ ಇರಬೇಕಾದದ್ದು ಪ್ರೊಫೈಲ್‌ನಲ್ಲಿ. ಎರಡನೆಯದು, ಕಷ್ಟಪಟ್ಟು ಬಂದವರಿಗೂ ಮೊದಲು ಕಾಣುತ್ತಿದ್ದದ್ದು ಮುಖಪುಟದ ದೊಡ್ಡ ತೋಟದ ಚಿತ್ರ. ಅದು ತೆರೆಯಲು ನಮ್ಮೂರ ಸಿಗ್ನಲ್‌ನಲ್ಲಿ ಅರ್ಧ ನಿಮಿಷ ಹಿಡಿಯಿತು. ಯಾರು ಕಾಯುತ್ತಾರೆ? ಆ ಚಿತ್ರವನ್ನು ಅವನು ಬೆಂಗಳೂರಿನ ವೈಫೈಯಲ್ಲಿ ನೋಡಿ ಒಪ್ಪಿಕೊಂಡಿದ್ದನಂತೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಲೆಕ್ಕದಲ್ಲಿ ನೋಡಿದರೆ ಎಪ್ಪತ್ತು ಚಿಲ್ಲರೆ ಜನ ಹಣ ಕಟ್ಟುವ ಪುಟದವರೆಗೆ ಬಂದು ವಾಪಸ್ ಹೋಗಿದ್ದರು. ದರ ಜಾಸ್ತಿಯಾಯಿತೇನೋ ಅಂತ ನಾನು 20 ರೂಪಾಯಿ ಇಳಿಸಲು ಹೊರಟಿದ್ದೆ. ಅವನು ತಡೆದ. ತನ್ನ ಫೋನಿನಲ್ಲಿ ಇನ್‌ಸ್ಟಾಗ್ರಾಂ ಒಳಗಿಂದಲೇ ಹೋಗಿ ಒಂದು ಬಾಟಲಿ ಕೊಳ್ಳಲು ನೋಡಿದ. ಆ್ಯಪ್‌ನಲ್ಲಿ ಲಿಂಕ್ ಒತ್ತಿದರೆ ಅದು ಹೊರಗೆ ಹೋಗುವುದೇ ಇಲ್ಲ, ತನ್ನ ಹೊಟ್ಟೆಯೊಳಗೇ ಒಂದು ಪುಟ್ಟ ಬ್ರೌಸರ್ ತೆರೆಯುತ್ತದೆ. ಅಲ್ಲಿಂದ ಯುಪಿಐ ಒತ್ತಿದರೆ ಅವನ ಫೋನಿನಲ್ಲಿ ಯಾವ ಆ್ಯಪ್ಪೂ ತೆರೆಯಲಿಲ್ಲ. ಬಿಳಿ ಪರದೆ, ಅಷ್ಟೇ. ನನ್ನ ಫೋನಿನಲ್ಲೂ ಅದೇ ಕಥೆ. ಬ್ಯಾಗಿನಲ್ಲಿ ದುಡ್ಡು ಇಟ್ಟುಕೊಂಡು ಬಂದವರನ್ನು ನಾವೇ ಗಲ್ಲೆಯ ಎದುರು ನಿಲ್ಲಿಸಿ ಕಳಿಸಿದ್ದೆವು! ಅವತ್ತೇ ಆ ಪುಟದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದೆವು. ಹಣ ಕಟ್ಟಲು ಆಗದಿದ್ದರೆ ಮೇಲಿನ ಮೂರು ಚುಕ್ಕಿ ಒತ್ತಿ, ಬ್ರೌಸರ್‌ನಲ್ಲಿ ತೆರೆಯಿರಿ, ಅದೂ ಆಗದಿದ್ದರೆ ವಾಟ್ಸಾಪ್ ಮಾಡಿ. ಕೆಳಗೆ ವಾಟ್ಸಾಪಿನ ಹಸಿರು ಬಟನ್. ದರ ಇಳಿಸಲಿಲ್ಲ.

ಆ ಹಸಿರು ಬಟನ್ನೇ ಆಮೇಲೆ ನಮ್ಮ ಅರ್ಧ ವ್ಯಾಪಾರವಾಯಿತು.

ಜನಕ್ಕೆ ಕೇಳುವುದು ಇರುತ್ತದೆ. ಖಾರ ಎಷ್ಟು? ಎಣ್ಣೆ ಹಾಕ್ತೀರಾ? ಬೆಳ್ಳುಳ್ಳಿ ಇದೆಯಾ? ಉತ್ತರ ಎಲ್ಲ ವೆಬ್‌ಸೈಟಿನಲ್ಲೇ ಇದೆ, ಆದರೂ ಕೇಳುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಬರೆದದ್ದನ್ನು ಓದಬಾರದಾ ಅಂತ. ಆಮೇಲೆ ಅರ್ಥವಾಯಿತು, ಅವರು ಕೇಳುತ್ತಿರುವುದು ಬೆಳ್ಳುಳ್ಳಿ ವಿಷಯ ಅಲ್ಲ. ಆ ಕಡೆ ನಿಜವಾಗಿ ಮನುಷ್ಯರು ಇದ್ದಾರಾ ಅಂತ ನೋಡುತ್ತಿದ್ದಾರೆ. “ಇಲ್ಲ ಅಕ್ಕ, ಬೆಳ್ಳುಳ್ಳಿ ಹಾಕೋದಿಲ್ಲ, ಎಣ್ಣೆಯೂ ಇಲ್ಲ, ಬರೀ ಉಪ್ಪು ಸಾಸಿವೆ ಮೆಣಸು ಅರಿಶಿನ” ಅಂತ ಧ್ವನಿ ಸಂದೇಶ ಕಳಿಸಿದರೆ ಹತ್ತು ನಿಮಿಷದಲ್ಲಿ ಆರ್ಡರ್. ಅದೇ ಮಾತನ್ನು ಟೈಪ್ ಮಾಡಿ ಕಳಿಸಿದರೆ ಅಷ್ಟು ಬೇಗ ಆಗುವುದಿಲ್ಲ. ಹವ್ಯಕ ಕನ್ನಡದ ಎಳೆತ ಕೇಳಿ ಕೆಲವರಿಗೆ ನಗು ಬರುತ್ತದೆ, ಬರಲಿ.

ಒಂದೇ ಸಂದೇಶವನ್ನು ಪಟ್ಟಿಯಲ್ಲಿರುವ ಎಲ್ಲರಿಗೂ ಒಟ್ಟಿಗೆ ಕಳಿಸುವ ವಾಟ್ಸಾಪ್ ಬ್ರಾಡ್‌ಕಾಸ್ಟ್ ವಿಷಯದಲ್ಲೂ ಒಂದು ಪೆಟ್ಟು ತಿಂದೆ. ಒಂದು ಪಟ್ಟಿಗೆ 256 ಜನ. ಕಳಿಸಿದ್ದೆಲ್ಲ ಹೋಯಿತು ಅಂದುಕೊಂಡಿದ್ದೆ. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುವುದು ಅಂತ ಗೊತ್ತೇ ಇರಲಿಲ್ಲ. ಈಗ ಪ್ರತಿ ಪೆಟ್ಟಿಗೆಯೊಳಗೆ ಒಂದು ಚೀಟಿ ಇಡುತ್ತೇನೆ. ‘ಈ ನಂಬರ್ ಉಳಿಸಿಕೊಳ್ಳಿ, ಮುಂದಿನ ಮಿಡಿ ಬಂದಾಗ ಹೇಳುತ್ತೇವೆ.’ ಕೈಬರಹದಲ್ಲಿ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳಿಕೊಡದ್ದು. ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿದಾಗ ಅದರ ಜೊತೆ ಒಂದು ಪುಟ್ಟ ಚಿತ್ರ, ಎರಡು ಸಾಲು ಬರುತ್ತದಲ್ಲ. ನಮ್ಮದರಲ್ಲಿ ಚಿತ್ರವೇ ಇಲ್ಲ, ಕೆಳಗೆ ‘ಹೋಮ್’ ಅಂತ ಒಂದು ಪದ. ಅದನ್ನು ನೋಡಿ ನಾದಿನಿಯ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಒಬ್ಬರು, “ಇದು ಮೋಸದ ಲಿಂಕ್ ಇರಬಹುದು, ಯಾರೂ ಒತ್ತಬೇಡಿ” ಅಂತ ಹಾಕಿಬಿಟ್ಟಿದ್ದರು. ಅವಳಿಗೆ ಅವಮಾನವಾಗಿ ನನಗೆ ಫೋನ್ ಮಾಡಿ ಬೈದಳು. ಸೈಟಿನ ಒಳಗೆ ಆ ಚಿತ್ರ, ಆ ಸಾಲು ಯಾವುದು ಅಂತ ನಾವೇ ಹೇಳಿಡಬೇಕಂತೆ. ಭರಣಿಯ ಪಕ್ಕ ಅತ್ತೆಯ ಕೈ ಇರುವ ಚಿತ್ರ ಹಾಕಿಸಿದೆ. ‘ಶಿರಸಿಯ ಅಪ್ಪೆಮಿಡಿ, ಮನೆಯಲ್ಲಿ ಹಾಕಿದ್ದು’ ಅಂತ ಒಂದು ಸಾಲು. ಅದೇ ಗುಂಪಿಗೆ ತಿಂಗಳು ಬಿಟ್ಟು ಮತ್ತೆ ಹಾಕಿದಳು. ಹೋದದ್ದು 26 ಬಾಟಲಿ. ಬೇಡ ಅಂದಿದ್ದವರೂ ಎರಡು ತರಿಸಿಕೊಂಡರು.

ಒಂದೊಂದು ಕಡೆ ಹಾಕುವ ಲಿಂಕಿಗೂ ಹಿಂದೆ ಒಂದು ಬಾಲ ಸೇರಿಸಲು ಆಗಲೇ ಕಲಿತದ್ದು. ಫೇಸ್‌ಬುಕ್ಕಿನದಕ್ಕೆ ಒಂದು, ವಾಟ್ಸಾಪಿನದಕ್ಕೆ ಒಂದು. ಯುಟಿಎಂ ಅನ್ನುತ್ತಾರೆ. ಅಡಿಕೆ ಚೀಲಕ್ಕೆ ಮಾರ್ಕು ಹಾಕುತ್ತೇವಲ್ಲ, ಯಾರ ಮನೆಯದು ಅಂತ, ಹಾಗೆ. ತಿಂಗಳ ಕೊನೆಗೆ ಯಾವ ದಾರಿಯಿಂದ ಯಾರು ಬಂದರು ಅಂತ ಗೂಗಲ್ ಅನಲಿಟಿಕ್ಸ್‌ನಲ್ಲಿ ಕಾಣುತ್ತದೆ. ನೋಡಿದರೆ ಲೈಕು ಜಾಸ್ತಿ ಇನ್‌ಸ್ಟಾಗ್ರಾಂನಲ್ಲಿ, ದುಡ್ಡು ಜಾಸ್ತಿ ವಾಟ್ಸಾಪ್‌ನಲ್ಲಿ. ನೂರು ಆರ್ಡರ್‌ನಲ್ಲಿ ಅರವತ್ತರ ಹತ್ತಿರ ವಾಟ್ಸಾಪಿಂದಲೇ.

ಯೂಟ್ಯೂಬ್ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಉಪ್ಪಿನಕಾಯಿ ಹಾಕುವ ಕ್ರಮವನ್ನು ಮೊದಲಿಂದ ಕೊನೆಯವರೆಗೆ ತೋರಿಸುವ ಅಂದೆ. ನಮ್ಮನೆಯವರು ಬೇಡ ಅಂದರು. “ಎಲ್ಲಾ ಹೇಳ್ಕೊಟ್ಬಿಟ್ರೆ ನಮ್ ಹತ್ರ ಕೊಳ್ಳೋರು ಯಾರು?” ಅತ್ತೆ ಮಾತ್ರ, “ಹೇಳಿದ್ರೆ ಕೈ ಬರ್ತದಾ? ತೋರಿಸು” ಅಂದರು. ಮಿಡಿ ತೊಳೆದು ಒರೆಸಿ ಆರಿಸುವುದು, ಕಲ್ಲುಪ್ಪು ಪದರ ಪದರವಾಗಿ ಹಾಕಿ ಮೇಲೆ ಭಾರ ಇಡುವುದು, ದಿನಾ ಒಣಗಿದ ಕೈಯಲ್ಲಿ ಮಗುಚುವುದು, ಹದಿನೈದು ಇಪ್ಪತ್ತು ದಿನಕ್ಕೆ ಮಿಡಿ ಚಿರುಟುವುದು, ಬಿಟ್ಟ ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿ ಆ ನೀರಲ್ಲೇ ಸಾಸಿವೆ ಮೆಣಸು ಅರೆಯುವುದು. ಒಂದು ಹನಿ ಹಸಿ ನೀರು ಬಿದ್ದರೂ ಬೂಷ್ಟು. ಎಲ್ಲ ಸೇರಿ 11 ನಿಮಿಷ. ಮೊದಲ ತಿಂಗಳು ಯಾರೂ ನೋಡಲಿಲ್ಲ. ಆದರೆ ರೀಲ್ಸ್ ವಾರದಲ್ಲಿ ಸತ್ತುಹೋಗುತ್ತದೆ, ಇದು ಸಾಯಲಿಲ್ಲ. ಪ್ರತಿ ವರ್ಷ ಫೆಬ್ರವರಿ ಬಂದರೆ ಜನ ಹುಡುಕಿಕೊಂಡು ಬಂದು ನೋಡುತ್ತಾರೆ. ಕೆಲವರು ಮನೆಯಲ್ಲಿ ಮಾಡುತ್ತಾರೆ. ಬಹಳ ಜನ ಆ ಇಪ್ಪತ್ತು ದಿನದ ಕೆಲಸ ನೋಡಿ, ಕೊಳ್ಳುವುದೇ ವಾಸಿ ಅಂತ ಲಿಂಕ್ ಒತ್ತುತ್ತಾರೆ. ಬಾಟಲಿಗೆ 320 ರೂಪಾಯಿ ಯಾಕೆ ಅಂತ ಕೇಳುವವರಿಗೆ ನಾನು ಈಗ ಉತ್ತರ ಬರೆಯುವುದಿಲ್ಲ, ಆ ವೀಡಿಯೋ ಕಳಿಸುತ್ತೇನೆ.

ತಪ್ಪುಗಳೂ ಬೇಕಾದಷ್ಟು. ‘ಜೀರ್ಣಕ್ಕೆ ದಿವ್ಯೌಷಧ’ ಅಂತ ಒಮ್ಮೆ ಹಾಕಿದ್ದೆ. ಊಟದ ಪದಾರ್ಥಕ್ಕೆ ರೋಗ ವಾಸಿ ಮಾಡುತ್ತದೆ ಅಂತ ಹೇಳಿಕೊಳ್ಳುವ ಹಾಗಿಲ್ಲ ಅಂತ ತಿಳಿದವರೊಬ್ಬರು ಹೇಳಿದ ಮೇಲೆ ತೆಗೆದೆ. ‘ಜಿಐ ಟ್ಯಾಗ್ ಇರುವ ಉಪ್ಪಿನಕಾಯಿ’ ಅಂತಲೂ ಹಾಕಿದ್ದೆ. ಇದು ಇಂಥ ಸೀಮೆಯದೇ ವಿಶೇಷ ಅನ್ನುವ ಸರ್ಕಾರದ ಗುರುತು ಅದು. ಜಿಐ ಇರುವುದು ಅಪ್ಪೆಮಿಡಿಗೆ, ನಮ್ಮ ಬಾಟಲಿಗಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಅದನ್ನು ಲೇಬಲ್ ಮೇಲೆ ಹಾಕುವಂತಿಲ್ಲ. ಅದೂ ಹೋಯಿತು. ಊಟದ ವೀಡಿಯೋ ಮಾಡುವ ಒಬ್ಬಳು ಹುಡುಗಿಗೆ ಆರು ಬಾಟಲಿ ಪುಕ್ಕಟೆ ಕಳಿಸಿದ್ದೆ. ಪುಕ್ಕಟೆ ಬಂದದ್ದು ಅಂತ ವೀಡಿಯೋದಲ್ಲಿ ಹೇಳಲೇಬೇಕು, 2021ರಿಂದ ಜಾಹೀರಾತು ಮಂಡಳಿಯ ನಿಯಮವೇ ಇದೆ ಅಂತ ಅವಳೇ ಹೇಳಿದಳು, ಹೇಳಿಯೂ ಹೇಳಿದಳು. ಅದರಿಂದ ಆರ್ಡರ್ ಏನೂ ಕಡಿಮೆಯಾಗಲಿಲ್ಲ.

ಮಳೆಗಾಲದ್ದು ಬೇರೆಯೇ ಪಾಡು. ಜುಲೈನಲ್ಲಿ ಒಮ್ಮೆ ಮೂರು ದಿನ ಕರೆಂಟಿಲ್ಲ, ನೆಟ್ಟಿಲ್ಲ. ನಾಲ್ಕನೇ ದಿನ ಫೋನ್ ಬಂದಾಗ ಮೂವತ್ತೆಂಟು ಮೆಸೇಜ್. “ದುಡ್ಡು ತಗೊಂಡು ಸುಮ್ಮನಾದ್ರಾ?” ಅಂತ ಕೊನೆಯದು. ಈಗ ಮಳೆಗಾಲದ ನಾಲ್ಕು ತಿಂಗಳು ಸೈಟಿನ ಮೇಲೆಯೇ ಬರೆದಿರುತ್ತದೆ, ‘ಇಲ್ಲಿ ಮಳೆ, ಉತ್ತರ ತಡವಾಗಬಹುದು’. ಆ ಸಾಲನ್ನು ಜನ ಫೋಟೋ ತೆಗೆದು ತಮ್ಮ ಸ್ಟೇಟಸ್‌ಗೆ ಹಾಕಿಕೊಂಡರು! ನಾನು ದುಡ್ಡು ಕೊಟ್ಟು ಮಾಡಿಸಿದ ಯಾವ ಜಾಹೀರಾತೂ ಅಷ್ಟು ಓಡಿಲ್ಲ.

ಇನ್ನು ಮರದ ಕಥೆ. ಹೇಳದೆ ಬಿಡೋಣ ಅಂದುಕೊಂಡಿದ್ದೆ.

ನಮ್ಮ ಸೊಪ್ಪಿನ ಬೆಟ್ಟದ ಕೆಳಗೆ, ಹಳ್ಳದ ದಂಡೆಯಲ್ಲಿ ಒಂದು ಮರ ಇತ್ತು. ಯಾವ ಹಳ್ಳ ಅಂತ ಈಗ ಹೇಳುವುದಿಲ್ಲ. ಮಾವನವರ ಅಜ್ಜನ ಕಾಲದಿಂದ ಆ ಮರದ ಮಿಡಿ ನಮ್ಮ ಮನೆಗೆ ಬರುತ್ತಿತ್ತು. ಒಂದು ವರ್ಷ ಕಾಯಿ ಬಿಟ್ಟರೆ ಮಿಡಿಯ ಸುರಿಮಳೆ, ಇನ್ನೊಂದು ವರ್ಷ ಇಬ್ಬನಿಗೆ ಹೂವೆಲ್ಲ ಉದುರಿ ಏನೂ ಇಲ್ಲ. ಜೀರಿಗೆ ಪರಿಮಳದ್ದು. ಅತ್ತೆಯ ಭರಣಿಗಳಲ್ಲಿ ಗುರುತು ಹಾಕಿದ ಒಂದು ಭರಣಿ ಆ ಮರದ್ದೇ.

2023ರ ಫೆಬ್ರವರಿಯಲ್ಲಿ ಮರ ತುಂಬ ಗೊಂಚಲು. ನನಗೆ ಆಸೆಯಾಯಿತು. ಹಳ್ಳದ ನೀರು, ಮರದ ತುದಿಯಲ್ಲಿ ಕೊಯ್ಯುವವ, ಹಗ್ಗದಲ್ಲಿ ಇಳಿದು ಬರುವ ಚೀಲ. ವೀಡಿಯೋ ಶುರುವಾಗುವುದೇ ರಸ್ತೆಯ ಸೇತುವೆಯಿಂದ. ಅಲ್ಲಿಂದ ಕಾಲುದಾರಿಯಲ್ಲಿ ನಡೆದು ಮರದ ಬುಡಕ್ಕೆ. ಬಹಳ ಚೆನ್ನಾಗಿ ಬಂದಿತ್ತು. ಜೊತೆಗೆ ಊರಿನ ಹೆಸರನ್ನೂ ಲೊಕೇಶನ್ ಅಂತ ಸೇರಿಸಿದೆ. ಹಾಗೆ ಸೇರಿಸಿದರೆ ಜಾಸ್ತಿ ಜನಕ್ಕೆ ಹೋಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಹೋಯಿತು ಕೂಡ. ಆ ವರ್ಷದ ಮಾಲು ಆಗಸ್ಟ್‌ಗೇ ಮುಗಿಯಿತು. ‘ಸ್ಟಾಕ್ ಇಲ್ಲ’ ಅಂತ ಬರೆಯುವ ಸುಖ ಏನು ಅಂತ ಮೊದಲ ಸಲ ಗೊತ್ತಾಯಿತು.

2024 ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಶಿರಸಿಗೆ ಶಿರಸಿಯೇ ತುಂಬುತ್ತದೆ. ಮುಚ್ಚಳದ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ ಚಿಕ್ಕ ಬಾಟಲಿ ತಯಾರು ಮಾಡಿಕೊಂಡಿದ್ದೆ, ಜಾತ್ರೆಯಲ್ಲಿ ರುಚಿ ನೋಡಿದವರು ಮನೆಗೆ ಹೋಗಿ ಸೈಟಿನಿಂದ ತರಿಸಿಕೊಳ್ಳಲಿ ಅಂತ. ಅದರ ಗಡಿಬಿಡಿಯಲ್ಲಿ ಮರದ ಕಡೆ ಯಾರೂ ಹೋಗಿರಲಿಲ್ಲ. ಕೊಯ್ಯುವವ ಹೋದವನು ಅರ್ಧ ಗಂಟೆಗೆ ಬರಿಗೈಯಲ್ಲಿ ವಾಪಸ್ ಬಂದ.

“ಅಮ್ಮಾ, ಕೊಂಬೆನೇ ಇಲ್ಲ.”

ನಾವೆಲ್ಲ ಓಡಿದೆವು. ಹತ್ತಿ ಕೊಯ್ಯುವ ತಾಳ್ಮೆ ಇಲ್ಲದವರು ಕೊಂಬೆಗಳನ್ನೇ ಕಡಿದು ಕೆಳಗೆ ಹಾಕಿ, ಕೂತು ಮಿಡಿ ಕಿತ್ತುಕೊಂಡು ಹೋಗಿದ್ದರು. ಹಳ್ಳದ ಬದಿಯಲ್ಲಿ ಸೊಪ್ಪು ಬಾಡಿ ಬಿದ್ದಿತ್ತು. ಎಲೆ ಇನ್ನೂ ಹಸಿರೇ. ಕಡಿದ ಕಡೆ ಸೊನೆ ಇಳಿದು ಕಪ್ಪಾಗಿತ್ತು. ಯಾರು ಅಂತ ಗೊತ್ತಿಲ್ಲ. ನನ್ನ ವೀಡಿಯೋ ನೋಡಿಯೇ ಬಂದರು ಅಂತ ಹೇಳಲೂ ಆಗುವುದಿಲ್ಲ. ಈ ಕಡೆ ಮಿಡಿಗೆ ದರ ಬಂದ ಮೇಲೆ ಹೀಗೆ ಕಡಿಯುವುದು ಹೊಸತೇನಲ್ಲ. ಆದರೆ ನೂರು ವರ್ಷ ಉಳಿದಿದ್ದ ಮರ, ಸೇತುವೆಯಿಂದ ಬುಡದವರೆಗೆ ನಾನು ದಾರಿ ತೋರಿಸಿದ ಮರುವರ್ಷವೇ ಹೋಯಿತು. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅವತ್ತು ರಾತ್ರಿ ಕೂತು ಆ ವೀಡಿಯೋ ಅಳಿಸಿದೆ. ಆಗ ಅದನ್ನು ಮೂರು ಲಕ್ಷಕ್ಕೂ ಮೇಲೆ ಜನ ನೋಡಿದ್ದರು. ಉಳಿದವನ್ನೂ ಒಂದೊಂದೇ ತೆರೆದು ನೋಡಿದೆ. ಎಲ್ಲಿ ಗದ್ದೆಯ ದಾರಿ ಕಾಣುತ್ತದೆ, ಎಲ್ಲಿ ಬೇರೆ ಮರದ ಜಾಗ ಗೊತ್ತಾಗುತ್ತದೆ ಅಂತ. ಹದಿಮೂರು ತೆಗೆದೆ. ಲೊಕೇಶನ್ ಎಲ್ಲದರಿಂದಲೂ ತೆಗೆದೆ. ನೋಡುವವರ ಸಂಖ್ಯೆ ಇಳಿಯಿತು, ನಿಜ. ಆರ್ಡರ್ ಇಳಿಯಲಿಲ್ಲ. ಕೊಳ್ಳುವವರಿಗೆ ಬೇಕಾದದ್ದು ಅತ್ತೆಯ ಕೈ, ನನ್ನ ಉತ್ತರ, ಸೋರದೆ ಬಂದ ಬಾಟಲಿ. ಮರ ಎಲ್ಲಿದೆ ಅಂತ ಅವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಕಡಿದ ಮರ ಪೂರ್ತಿ ಸಾಯಲಿಲ್ಲ. ಮಳೆ ಬಿದ್ದ ಮೇಲೆ ಬೊಡ್ಡೆಯ ಬದಿಯಿಂದ ನಾಲ್ಕು ಚಿಗುರು ಎದ್ದವು. ಕಸಿ ಕಟ್ಟಲು ಬರುವವರೊಬ್ಬರನ್ನು ಕರೆಸಿ, ಬಲಿತ ಕಡ್ಡಿ ನೋಡಿ ಮೂವತ್ತು ಗಿಡಕ್ಕೆ ಕಸಿ ಕಟ್ಟಿಸಿದೆವು. ಹದಿನಾಲ್ಕು ಹಿಡಿದವು. ಅಂಗಳದ ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದೇವೆ, ಪ್ಲಾಸ್ಟಿಕ್ ಚೀಲದಲ್ಲಿ.

ಮೊನ್ನೆ ಅವುಗಳ ಒಂದು ವೀಡಿಯೋ ಮಾಡೋಣ ಅಂತ ಮೊಬೈಲ್ ಹಿಡಿದುಕೊಂಡು ಹೋದೆ. ಅತ್ತೆ ನೀರು ಹಾಕುತ್ತಿದ್ದರು.

“ಇದನ್ನೂ ಹಾಕ್ತೀಯಾ?”

“ಗಿಡ ಹಾಕ್ತೇನೆ ಅತ್ತೆ. ಜಾಗ ಕಾಣದ ಹಾಗೆ.”

ಅವರು ಚೊಂಬು ಕೆಳಗಿಟ್ಟು ನನ್ನ ಹಿಂದೆ ಬಂದು ನಿಂತರು. ಪರದೆಯಲ್ಲಿ ಏನೇನು ಕಾಣುತ್ತದೆ ಅಂತ ಕಣ್ಣು ಚಿಕ್ಕದು ಮಾಡಿ ನೋಡಿದರು. ಆಮೇಲೆ ತಂತಿಯ ಮೇಲೆ ಒಣಗುತ್ತಿದ್ದ ಪಂಜಿ ಎಳೆದು, ಗಿಡಗಳ ಹಿಂದೆ ಗೋಡೆಯ ಮೇಲಿದ್ದ ಪಂಚಾಯ್ತಿಯ ಮನೆ ನಂಬರ್ ಬೋರ್ಡಿಗೆ ಹೊದೆಸಿದರು.

“ಈಗ ಹಿಡಿ” ಅಂದರು.